ಚುಚ್ಚುಮದ್ದಿನ ದಿನಾಂಕ ಬರೆದಿಟ್ಟುಕೊಳ್ಳಿ

ಬಸುರಿಯರ ತಪಾಸಣಾ ಕೊಠಡಿಯಲ್ಲಿ ನರ್ಸ್ ಆಗಿ ನನಗೆ ಹತ್ತೊಂಬತ್ತು ವರ್ಷವಾಯಿತು. ಹಿಮೋಗ್ಲೋಬಿನ್ ಕಡಿಮೆ ಇದೆ ಎಂದರೆ ಏನು ತಿನ್ನಬೇಕು ಎಂದು ಕೇಳುತ್ತಾರೆ. ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಸೋಂಕು ಇದೆ ಎಂದರೆ ಮಾತೇ ಹೊರಡುವುದಿಲ್ಲ, ಮೊದಲು ಬಾಗಿಲ ಕಡೆ ನೋಡುತ್ತಾರೆ, ಹೊರಗೆ ಕುಳಿತವರಿಗೆ ಕೇಳಿಸಿತೇ ಎಂದು. ಆದ್ದರಿಂದ ನಾನು ಬಾಗಿಲು ಹಾಕಿದ ಮೇಲೆಯೇ ವರದಿ ತೆಗೆಯುತ್ತೇನೆ. ನಿಮ್ಮ ನರ್ಸ್ ಹಾಗೆ ಮಾಡದಿದ್ದರೆ, ಬಾಗಿಲು ಹಾಕಿ ಎಂದು ನೀವೇ ಹೇಳಿ.

ಮೊದಲ ತಪಾಸಣೆಯ ದಿನವೇ ಸಿಫಿಲಿಸ್, ಎಚ್‌ಐವಿ, ಹೆಪಟೈಟಿಸ್-ಬಿ ಮೂರಕ್ಕೂ ರಕ್ತ ಕೊಡಿ. ಒಂದೇ ಸಲ ಚುಚ್ಚಿಸಿಕೊಂಡರೆ ಮುಗಿಯಿತು. ‘ನನಗೇನೂ ತೊಂದರೆಯಿಲ್ಲವಲ್ಲ’ ಎಂಬ ಮಾತನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಯೋನಿಯೊಳಗಿದ್ದರೆ ಕಾಣುವುದೂ ಇಲ್ಲ. ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ. ರೋಗಾಣು ಮಾತ್ರ ಒಳಗೇ ಉಳಿದು, ಮಾಸನ್ನು ದಾಟಿ ಮಗುವನ್ನು ಮುಟ್ಟುತ್ತದೆ. ಹೀಗೆಯೇ ಹರಡುವ ಕ್ಲಮೀಡಿಯಾ, ಗೊನೋರಿಯಾ ಸೋಂಕುಗಳನ್ನು ಪತ್ತೆ ಮಾಡುವುದು ಮೂತ್ರದಿಂದ ಅಥವಾ ಯೋನಿಯ ಸ್ವಾಬ್‌ನಿಂದ, ಅಂದರೆ ಹತ್ತಿಯ ಕಡ್ಡಿಯಲ್ಲಿ ಒರೆಸಿ ತೆಗೆದ ದ್ರವದಿಂದ. ವಯಸ್ಸು 25ಕ್ಕಿಂತ ಕಡಿಮೆಯಿದ್ದರೆ, ಸಂಗಾತಿ ಹೊಸಬನಾಗಿದ್ದರೆ, ಅವನಿಗೆ ಬೇರೆ ಸಂಬಂಧವಿದೆ ಎಂಬ ಅನುಮಾನವಿದ್ದರೆ ಇದನ್ನೂ ಕೇಳಿ ಮಾಡಿಸಿಕೊಳ್ಳಿ. ಆಗ 28ನೇ ವಾರದ ಹೊತ್ತಿಗೆ ಸಿಫಿಲಿಸ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸುವುದೂ ಅಗತ್ಯ.

ಸಿಫಿಲಿಸ್‌ಗೆ ಮೊದಲು ಮಾಡುವ ವಿಡಿಆರ್‌ಎಲ್ ರಕ್ತಪರೀಕ್ಷೆ ಬಸಿರಿನ ಕಾರಣಕ್ಕೇ ಒಮ್ಮೊಮ್ಮೆ ಸುಳ್ಳು ಪಾಸಿಟಿವ್ ತೋರಿಸುತ್ತದೆ. ಅದನ್ನು ಖಚಿತಪಡಿಸುವ ಟಿಪಿಎಚ್‌ಎ ಎಂಬ ಇನ್ನೊಂದು ರಕ್ತಪರೀಕ್ಷೆ ಮಾಡಿದರೆ ನಿಜ ತಿಳಿಯುತ್ತದೆ. ಆ ವರದಿಗೆ ವಾರ ಹಿಡಿಯುವಂತಿದ್ದರೆ ಮೊದಲ ಚುಚ್ಚುಮದ್ದನ್ನು ಅಂದೇ ಹಾಕಿಸಿಕೊಳ್ಳುವುದು ಮೇಲು ಎನ್ನುವವಳು ನಾನು. ಹೆರಿಗೆಗೆ ಕನಿಷ್ಠ ನಾಲ್ಕು ವಾರ ಮೊದಲಾದರೂ ಚಿಕಿತ್ಸೆ ಶುರುವಾಗಿರಬೇಕು.

ಚುಚ್ಚುಮದ್ದು ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್. ನೋಯುವುದಿಲ್ಲ ಎಂದು ಸುಳ್ಳು ಹೇಳಲಾರೆ. ಪುಡಿಗೆ ನೀರು ಬೆರೆಸಿ ಅಲುಗಾಡಿಸಿದರೆ ಗಂಜಿಯ ಹಾಗೆ ಬೆಳ್ಳಗೆ, ಮಂದವಾಗುತ್ತದೆ. ತಡ ಮಾಡಿದರೆ ಸೂಜಿಯಲ್ಲೇ ಕಟ್ಟಿಕೊಳ್ಳುತ್ತದೆ. ನಾನು ಅರ್ಧರ್ಧ ಮಾಡಿ ಎರಡೂ ಪೃಷ್ಠಕ್ಕೆ, ನಿಧಾನವಾಗಿ ಒತ್ತುತ್ತೇನೆ. ಚುಚ್ಚುವ ಕಡೆಯ ಕಾಲಿನ ಹೆಬ್ಬೆರಳನ್ನು ಒಳಕ್ಕೆ ತಿರುಗಿಸಿ ಮಲಗಿದರೆ ಸ್ನಾಯು ಸಡಿಲಾಗಿ ನೋವು ಕಡಿಮೆಯಾಗುತ್ತದೆ. ಮೊದಲ 24 ಗಂಟೆಯೊಳಗೆ ಚಳಿಜ್ವರ, ಮೈಕೈ ನೋವು ಬರಬಹುದು. ಹೊಟ್ಟೆ ಬಿಗಿದು ಬಿಗಿದು ಬಂದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ. ಅದೇ ಭಯಕ್ಕೆ ಚಿಕಿತ್ಸೆಯನ್ನು ಮಾತ್ರ ಬಿಡಬೇಡಿ. ಪೆನಿಸಿಲಿನ್ ಒಗ್ಗದವರಿಗೂ ಆಸ್ಪತ್ರೆಯಲ್ಲಿ ಸ್ವಲ್ಪ ಸ್ವಲ್ಪವೇ ಕೊಟ್ಟು ಒಗ್ಗಿಸಿ ಅದನ್ನೇ ಹಾಕುತ್ತಾರೆ, ಏಕೆಂದರೆ ಹೊಟ್ಟೆಯೊಳಗಿನ ಮಗುವನ್ನೂ ಗುಣಪಡಿಸುತ್ತದೆ ಎಂದು ನಂಬಬಹುದಾದ ಔಷಧ ಇದೊಂದೇ.

ಸೋಂಕು ಹಳೆಯದಾಗಿದ್ದರೆ ಅಥವಾ ಯಾವಾಗ ತಗುಲಿತೆಂದು ತಿಳಿಯದಿದ್ದರೆ ವಾರಕ್ಕೊಂದರಂತೆ ಮೂರು ಚುಚ್ಚುಮದ್ದು. ಬಸುರಿಯರಲ್ಲಿ ಎರಡರ ನಡುವೆ 9 ದಿನ ಮೀರಿದರೆ ಮತ್ತೆ ಮೊದಲಿನಿಂದ ಹಾಕಬೇಕಾಗುತ್ತದೆ.

ಗಂಡನಿಗೂ ಚಿಕಿತ್ಸೆ ಆಗಲೇಬೇಕು. ಇಲ್ಲಿ ಎಷ್ಟೋ ಮನೆಗಳು ‘ಯಾರಿಂದ ಬಂತು’ ಎಂಬ ಜಗಳದಲ್ಲೇ ಎರಡು ವಾರ ಕಳೆಯುತ್ತವೆ. ಸಿಫಿಲಿಸ್ ವರ್ಷಗಟ್ಟಲೆ ಸುಮ್ಮನೆ ಅಡಗಿರಬಲ್ಲದು, ವರದಿ ನೋಡಿ ಯಾರೂ ಅದನ್ನು ಹೇಳಲಾರರು. ಇಬ್ಬರ ಚಿಕಿತ್ಸೆಯೂ ಮುಗಿಯುವವರೆಗೆ ಕೂಡಬೇಡಿ. ಕ್ಲಮೀಡಿಯಾಕ್ಕೂ ಇದೇ ಮಾತು: ನೀವು ಅಜಿತ್ರೋಮೈಸಿನ್ ಒಂದು ಗ್ರಾಂ ನುಂಗಿ ಗುಣವಾಗಿ, ಅವನಿಂದಲೇ ಮತ್ತೆ ಹಚ್ಚಿಸಿಕೊಂಡರೆ ಏನು ಬಂತು? ಸುಮಾರು ನಾಲ್ಕು ವಾರದ ನಂತರ ಮರುಪರೀಕ್ಷೆ ಮಾಡಿಸಿ. ಮನೆಯಲ್ಲಿ ಉಳಿದ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ, ಬಸಿರಿನಲ್ಲಿ ಅದು ಸಲ್ಲದು.

ಎಚ್‌ಐವಿ ಇದ್ದರೆ ಮಾತ್ರೆಯನ್ನು ಒಂದು ದಿನವೂ ತಪ್ಪಿಸದಿರುವುದೇ ಮುಖ್ಯ. ಹೆಪಟೈಟಿಸ್-ಬಿ ಇದ್ದರೆ ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆ, ಜೊತೆಗೆ ಇಮ್ಯುನೊಗ್ಲೋಬುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು. ಗುಪ್ತಾಂಗದಲ್ಲಿ ಗುಳ್ಳೆ ಎಬ್ಬಿಸುವ ಹರ್ಪಿಸ್ ಇದ್ದವರು 36ನೇ ವಾರದಿಂದ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಲಿ. ಹೆರಿಗೆ ನೋವು ಶುರುವಾದಾಗ ಗುಪ್ತಾಂಗದಲ್ಲಿ ಉರಿ, ಗುಳ್ಳೆ ಇದ್ದರೆ ವಾರ್ಡಿಗೆ ಕಾಲಿಟ್ಟೊಡನೆ ಹೇಳಿ. ಅದನ್ನು ನೋಡಿಯೇ ಸಿಸೇರಿಯನ್ ಬೇಕೇ ಎಂದು ನಿರ್ಧರಿಸುವುದು.

ಇನ್ನು ಕಾಗದದ ವಿಷಯ. ಒಬ್ಬಾಕೆ ಮೂರೂ ಚುಚ್ಚುಮದ್ದನ್ನು ತಪ್ಪದೆ ಹಾಕಿಸಿಕೊಂಡಿದ್ದಳು. ರಾತ್ರಿ ನೋವು ಬಂದು ಬೇರೆ ಆಸ್ಪತ್ರೆಗೆ ಓಡಿದಳು, ಫೈಲು ಮನೆಯಲ್ಲೇ ಉಳಿಯಿತು. ಆಮೇಲೆ ಅದು ಸಿಕ್ಕಿದಾಗ ಮೂರನೆಯ ಚುಚ್ಚುಮದ್ದಿನ ದಿನಾಂಕದ ಜಾಗ ಖಾಲಿ. ಬರೆಯಬೇಕಾದವರು ಬರೆದಿರಲಿಲ್ಲ. ಚಿಕಿತ್ಸೆ ಪೂರ್ತಿಯಾಗಿದೆ ಎಂಬ ಪುರಾವೆಯಿಲ್ಲದೆ ಅಲ್ಲಿಯ ವೈದ್ಯರು ಮಗುವಿಗೆ ಹತ್ತು ದಿನ ಪೆನಿಸಿಲಿನ್ ಕೊಟ್ಟರು. ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಅಂದಿನಿಂದ ನಾನು ಔಷಧದ ಹೆಸರು, ಪ್ರಮಾಣ, ದಿನಾಂಕ ಮೂರನ್ನೂ ಕಾರ್ಡಿನ ಹಿಂಬದಿಯಲ್ಲಿ ಬರೆದು, ಸಹಿ ಹಾಕಿ, ಅವರ ಮೊಬೈಲಿನಲ್ಲಿ ಫೋಟೊ ತೆಗೆಸಿದ ಮೇಲೆಯೇ ಮುಂದಿನವರನ್ನು ಕರೆಯುತ್ತೇನೆ.