ಕಿಂಡಿಗೆ ಹಲಗೆ ಹಾಕಿದ ಐದು ವರ್ಷ

2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದು ನಾನು ಗ್ರಾಮ ಪಂಚಾಯತ್ ಸದಸ್ಯೆಯಾದೆ. ನಮ್ಮದು ಉಡುಪಿ ಜಿಲ್ಲೆಯ ಬ್ರಹ್ಮಾವರ ಕಡೆಯ ಬೈಲು ಊರು. ಗದ್ದೆ, ತೆಂಗು, ಸ್ವಲ್ಪ ಅಡಿಕೆ. ಊರಿನ ನಡುವೆ ಹರಿಯುವ ತೋಡು (ಸಣ್ಣ ಹಳ್ಳ) ಕೆಳಗೆ ಹೋಗಿ ಹೊಳೆ ಸೇರುತ್ತದೆ. ಆ ಹೊಳೆಗೆ ಕಡಲಿನ ಉಬ್ಬರ ಬರುತ್ತದೆ. ಹೊಳೆ ಸೇರುವುದಕ್ಕೆ ಸ್ವಲ್ಪ ಮೊದಲು ತೋಡಿಗೆ ಒಂದು ಕಿಂಡಿ ಅಣೆಕಟ್ಟು ಇದೆ. ಹಲಗೆ ಇಳಿಸಿ ಮುಚ್ಚುವ ಐದು ಕಿಂಡಿಗಳ ಸಣ್ಣ ಅಣೆಕಟ್ಟು. ಈ ಐದು ವರ್ಷದಲ್ಲಿ ನಾನು ರಸ್ತೆ ಮಾಡಿಸಿದ್ದೇನೆ, ದಾರಿದೀಪ ಹಾಕಿಸಿದ್ದೇನೆ. ಆದರೆ ಜಾಸ್ತಿ ಓಡಾಡಿದ್ದು, ಜಾಸ್ತಿ ಕಲಿತದ್ದು ಈ ಅಣೆಕಟ್ಟಿನ ಹಲಗೆಯಿಂದ.

ಕರಾವಳಿಯ ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದೇ ಉಡುಪಿಯಲ್ಲಿ ಏಪ್ರಿಲ್ ಬಂದರೆ ಎಷ್ಟೋ ಊರಿಗೆ ಟ್ಯಾಂಕರ್ ಬರಬೇಕು. 2019ರ ಮೇ ತಿಂಗಳಲ್ಲಿ ಉಡುಪಿ ನಗರಕ್ಕೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟೇ ಬತ್ತಿ ಹೋಗಿತ್ತು. ಹೆಚ್ಚಿನ ಮಳೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಘಟ್ಟಕ್ಕೂ ಕಡಲಿಗೂ ದೂರ ಕಡಿಮೆ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ಬೇರೆ. ಮಳೆಗಾಲದಲ್ಲಿ ತುಂಬಿ ತುಳುಕುವ ಬಾವಿ ಮಾರ್ಚ್‌ನಲ್ಲಿ ತಳ ತೋರಿಸುತ್ತದೆ. ಹಾಗಾಗಿ ಮಳೆ ನಿಂತ ಮೇಲೆ ತೋಡಿನಲ್ಲಿ ಹರಿಯುವ ಕೊನೆಯ ನೀರನ್ನು ಹಿಡಿದು ನಿಲ್ಲಿಸಬೇಕು. ನಮ್ಮ ಕಡೆ ಹಿಂದಿನಿಂದಲೂ ಇದಕ್ಕೆ ಕಟ್ಟ ಹಾಕುತ್ತಿದ್ದರು. ಮಣ್ಣು, ಕಲ್ಲು, ಸೊಪ್ಪು, ತೆಂಗಿನ ಮಡಲು. ಬೈಲಿನಲ್ಲಿ ಯಾರಿಗೆ ಗದ್ದೆ ಇದೆಯೋ ಅವರ ಮನೆಯಿಂದ ಒಂದೊಂದು ಆಳು. ಮುಂದಿನ ಮಳೆಗೆ ಅದು ಕೊಚ್ಚಿ ಹೋಗುತ್ತಿತ್ತು, ಬೇಸಗೆಗೆ ಮೊದಲು ಮತ್ತೆ ಕಟ್ಟುತ್ತಿದ್ದರು.

ಆಮೇಲೆ ಕಾಂಕ್ರೀಟ್ ಬಂತು. ನನ್ನ ಮದುವೆಯಾಗಿ ನಾನು ಈ ಊರಿಗೆ ಬರುವಾಗಲೇ ಅಣೆಕಟ್ಟು ಇತ್ತು. ಕಂಬಗಳ ನಡುವೆ ಕಿಂಡಿ, ಮಳೆಗಾಲದಲ್ಲಿ ತೆರೆದಿರಬೇಕು, ಮಳೆ ಮುಗಿದ ಮೇಲೆ ಹಲಗೆ ಇಳಿಸಿ ಮುಚ್ಚಬೇಕು. ಕಟ್ಟ ಹಾಕುವ ಕೆಲಸ ತಪ್ಪಿತು ಅಂತ ಎಲ್ಲರಿಗೂ ಖುಷಿ. ಆದರೆ ಕಟ್ಟ ಇದ್ದಾಗ ಯಾರು ಬರಬೇಕು, ಯಾವಾಗ ಬರಬೇಕು ಅಂತ ಊರಿಗೆ ಗೊತ್ತಿತ್ತು. ಅಣೆಕಟ್ಟು ಬಂದ ಮೇಲೆ ಅದು ಸರಕಾರದ್ದಾಯಿತು. ಹಲಗೆ ಹಾಕುವುದೂ ಸರಕಾರದ ಕೆಲಸ ಅಂತ ಜನ ತಿಳಿದುಕೊಂಡರು. ಕಟ್ಟಿದ ಇಲಾಖೆ ಪಂಚಾಯತ್‌ಗೆ ಹಸ್ತಾಂತರ ಆಗಿದೆ ಅಂದಿತು. ಪಂಚಾಯತ್ ಅನುದಾನ ಇಲ್ಲ ಅಂದಿತು. ಒಂದಿಬ್ಬರು ರೈತರು ತಮ್ಮ ಗದ್ದೆಯ ಆಸೆಗೆ ಹಳೆಯ ಹಲಗೆಗಳನ್ನು ಹೇಗೋ ಹಾಕುತ್ತಿದ್ದರು.

ಇದೆಲ್ಲ ನನ್ನ ಕಣ್ಣಿಗೆ ಬಿದ್ದದ್ದು 2021ರ ಮೇ 15ರಂದು. ತೌಕ್ತೆ ಚಂಡಮಾರುತ ಕರಾವಳಿಗೆ ಹತ್ತಿರ ಬಂದ ದಿನ. ಕೊರೋನಾ ಲಾಕ್‌ಡೌನ್ ಬೇರೆ ಇತ್ತು. ನಮ್ಮಲ್ಲಿ ಹಲಗೆ ತೆಗೆಯುವುದು ತುಳುವರ ಪತ್ತನಾಜೆ ಆಚರಣೆಯ ಹೊತ್ತಿಗೆ, ಅಂದರೆ ಮೇ 24ರ ಆಸುಪಾಸು. ಈ ಮಳೆ ಅದಕ್ಕೆ ಕಾಯಲಿಲ್ಲ. ಐದೂ ಕಿಂಡಿ ಮುಚ್ಚಿತ್ತು. ತೋಡಿನಲ್ಲಿ ಬಂದ ಮಡಲು, ಬಿದಿರು, ಪ್ಲಾಸ್ಟಿಕ್ ಎಲ್ಲ ಹಲಗೆಗೆ ಬಂದು ಒತ್ತಿ ನಿಂತಿತು. ನೀರು ಅಣೆಕಟ್ಟಿನ ಮೇಲೆ ಹೋಗುವ ಬದಲು ಬದಿಯ ದಂಡೆಯನ್ನು ಕೊರೆದು ಗದ್ದೆಗೆ ನುಗ್ಗಿತು. ಬೆಳಿಗ್ಗೆ ನಾನು ಹೋಗಿ ನೋಡುವಾಗ ದಂಡೆಯಲ್ಲಿ ಎರಡು ಆಳು ಅಗಲದ ಬಾಯಿ ಬಿದ್ದಿತ್ತು. ನಾಲ್ಕು ಮನೆಯವರ ಗದ್ದೆಯ ಮೇಲೆ ಮರಳು, ಕಲ್ಲು. ನೀರಿನ ಒತ್ತಡಕ್ಕೆ ಹಲಗೆ ಕಂಬದ ಸಂದಿನಲ್ಲಿ ಎಷ್ಟು ಬಿಗಿದಿತ್ತು ಅಂದರೆ, ಐದು ಜನ ಹಗ್ಗ ಕಟ್ಟಿ ಎಳೆದರೂ ಅಲುಗಾಡಲಿಲ್ಲ. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿತ್ತು. ಎಚ್ಚರಿಕೆ ಬಂದಾಗ ಹಲಗೆ ತೆಗೆಯಬೇಕಾದವರು ಯಾರು ಅಂತ ಮಾತ್ರ ಎಲ್ಲೂ ಬರೆದಿರಲಿಲ್ಲ.

ಪಂಚಾಯತ್‌ನಲ್ಲಿ ಕಡತ ತೆಗೆಸಿದೆ. ಹಸ್ತಾಂತರದ ಒಂದು ಹಾಳೆ ಸಿಕ್ಕಿತು. ಅದರಲ್ಲಿ ಉದ್ದ, ಎತ್ತರ, ಖರ್ಚು ಇತ್ತು. ಹಲಗೆ ಎಷ್ಟು, ಎಲ್ಲಿ ಇಡಬೇಕು, ಯಾರು ಹಾಕಬೇಕು, ಆ ಕೂಲಿ ಎಲ್ಲಿಂದ, ಹೂಳು ಯಾರು ತೆಗೆಯಬೇಕು, ಒಂದೂ ಇಲ್ಲ. ಹತ್ತಾರು ವರ್ಷ ಬಾಳಬೇಕಾದ ಒಂದು ಕಟ್ಟಡಕ್ಕೆ ಒಂದು ಹಾಳೆ.

ಆ ವರ್ಷ ಇನ್ನೊಂದು ಪೆಟ್ಟು ಬಿತ್ತು. 2021ರ ನವೆಂಬರ್ ಇಡೀ ಮಳೆ. ಏಣೆಲು (ಮಳೆಗಾಲದ ಭತ್ತ) ಕೊಯ್ಲು ತಡವಾಯಿತು, ಬೈಹುಲ್ಲು ಗದ್ದೆಯಲ್ಲೇ ಕೊಳೆಯಿತು. ಎಲ್ಲರೂ ಅದರ ಹಿಂದೆ ಓಡಾಡುವಾಗ ಅಣೆಕಟ್ಟಿನ ನೆನಪು ಯಾರಿಗೂ ಇರಲಿಲ್ಲ. ಜನವರಿಯಲ್ಲಿ ನಾನೇ ಜನ ಕರೆದು ಹಲಗೆ ಹಾಕಿಸಿದೆ. ನೀರು ಚೆನ್ನಾಗಿ ನಿಂತಿತು. ಹದಿನೈದು ದಿನ ಆದ ಮೇಲೆ ಸುಗ್ಗಿ (ಎರಡನೇ ಬೆಳೆ) ಗದ್ದೆಯ ನೇಜಿ, ಅಂದರೆ ಭತ್ತದ ಸಸಿ, ತುದಿಯಿಂದ ಕೆಂಪಾಗುತ್ತಾ ಬಂತು. ನೀರು ಬಾಯಿಗೆ ಹಾಕಿ ನೋಡಿದರೆ ಉಪ್ಪು. ನಾವು ಹಲಗೆ ಹಾಕಿದ್ದು ಹುಣ್ಣಿಮೆಯ ಉಬ್ಬರದ ಹೊತ್ತಿಗೆ. ಅಷ್ಟರಲ್ಲಿ ತೋಡಿನ ಸಿಹಿನೀರಿನ ಹರಿವು ಕಡಿಮೆಯಾಗಿ ಹೊಳೆಯ ಉಪ್ಪು ನೀರು ಅಣೆಕಟ್ಟು ದಾಟಿ ಮೇಲೆ ಬಂದಿತ್ತು. ನಾವು ಅದನ್ನೇ ಒಳಗೆ ಹಾಕಿ ಬೀಗ ಹಾಕಿದ್ದೆವು.

ಬೈಲಿನ ಮೇಲಿನ ಮನೆಯ ಅಜ್ಜ ಒಬ್ಬರಿದ್ದಾರೆ, ಚಿಕ್ಕಂದಿನಲ್ಲಿ ಕಟ್ಟ ಹಾಕಿದವರು. ಅವರ ಹತ್ತಿರ ಹೋಗಿ ಕೇಳಿದೆ. "ಕಟ್ಟಕ್ಕೆ ಕೊನೆಯ ಮಣ್ಣು ಹಾಕುವಾಗ ನೀರು ಇಳಿಯುತ್ತಾ ಇರಬೇಕು ಮಗಾ. ಏರುವಾಗ ಹಾಕಿದರೆ ಕಡಲನ್ನೇ ಕಟ್ಟಿದ ಹಾಗೆ" ಅಂದರು. ಈ ಮಾತು ಯಾವ ಕಡತದಲ್ಲೂ ಇರಲಿಲ್ಲ. ಅವರ ನಂತರ ಯಾರಿಗೂ ಗೊತ್ತಿರುತ್ತಿರಲಿಲ್ಲ. ಕಟಪಾಡಿ ಹತ್ತಿರದ ಮಟ್ಟುವಿನವರಿಗೆ ಈ ಉಪ್ಪಿನ ಕಷ್ಟ ಚೆನ್ನಾಗಿ ಗೊತ್ತು. ಅಲ್ಲಿನ ಬದನೆ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ, ಆದರೆ ಕಿಂಡಿ ಸೋರಿ ಉಪ್ಪು ನೀರು ಒಳಗೆ ಬಂದರೆ ಗುಳ್ಳದ ಗಿಡ ಉಳಿಯುವುದಿಲ್ಲ.

ಅಲ್ಲಿಂದ ನಾನು ಹಲಗೆಯ ಕೆಲಸವನ್ನು ಪಂಚಾಯತ್‌ನ ಯೋಜನೆಯೊಳಗೆ ತರಬೇಕು ಅಂತ ಹಟ ಹಿಡಿದೆ. ಬಾಯಿಮಾತಿನ ಕೆಲಸ ಬಾಯಿಯಲ್ಲೇ ಉಳಿಯುತ್ತದೆ, ಕ್ರಿಯಾಯೋಜನೆಯಲ್ಲಿ ಒಂದು ಸಾಲು ಬಂದರೆ ಮಾತ್ರ ಅದಕ್ಕೆ ದುಡ್ಡು, ದಿನಾಂಕ, ಹೊಣೆ ಬರುತ್ತದೆ ಅಲ್ವಾ? ನಿಯಮದ ಪ್ರಕಾರ ಮೊದಲು ವಾರ್ಡ್ ಸಭೆಯಲ್ಲಿ ಬೇಡಿಕೆ ಬರಬೇಕು, ಆಮೇಲೆ ಗ್ರಾಮಸಭೆ. ಮೊದಲ ವಾರ್ಡ್ ಸಭೆಯಲ್ಲಿ ಹಲಗೆಯ ಮಾತು ಎತ್ತಿದಾಗ ಯಾರಿಗೂ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ರಸ್ತೆ, ಮೋರಿ, ದೀಪ ಅಂದರು. ತಪ್ಪಲ್ಲ, ಅವೂ ಬೇಕು. ಗದ್ದೆಯನ್ನು ಬೇಸಾಯ ಮಾಡದೆ ಹಡಿಲು ಬಿಟ್ಟವರಿಗೆ ಅಣೆಕಟ್ಟಿನ ಹಂಗೇ ಇಲ್ಲ ಅನ್ನಿಸುತ್ತಿತ್ತು.

ಆಗ ನಮಗೆ ಸಹಾಯಕ್ಕೆ ಬಂದದ್ದು ಸಂಜೀವಿನಿ ಸ್ವಸಹಾಯ ಸಂಘಗಳ ಒಕ್ಕೂಟದ ಹೆಂಗಸರು. ಬಾವಿ ಅಳೆಯೋಣ ಅಂತ ನಿರ್ಧರಿಸಿದೆವು. ನಮ್ಮಲ್ಲಿ ಬಾವಿಯ ಆಳ ಹೇಳುವುದು ಕೋಲು ಅನ್ನುವ ಹಳೆಯ ಅಳತೆಯ ಲೆಕ್ಕದಲ್ಲಿ. ತೆಂಗಿನ ನಾರಿನ ಹಗ್ಗಕ್ಕೆ ಕೋಲಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿದೆವು. ತಿಂಗಳ ಒಂದನೇ ತಾರೀಕು ಬೆಳಿಗ್ಗೆ, ಪಂಪ್ ಹಾಕುವ ಮೊದಲು, ತೋಡಿನ ಎರಡೂ ಬದಿಯ ಹನ್ನೊಂದು ಬಾವಿಗೆ ಹಗ್ಗ ಇಳಿಸಿ, ಎಷ್ಟು ಕೋಲಿಗೆ ನೀರು ತಾಗಿತು ಅಂತ ನೋಟ್‌ಪುಸ್ತಕದಲ್ಲಿ ಬರೆದೆವು. ಹನ್ನೊಂದರಲ್ಲಿ ಒಂದು ಪಂಚಾಯತ್‌ನ ಕುಡಿಯುವ ನೀರಿನ ಬಾವಿ. ಒಂದು ಬೇಸಗೆ ಮುಗಿಯುವಾಗ ಪುಸ್ತಕ ನೋಡಿದರೆ ವಿಷಯ ಎದುರಿಗೇ ಇತ್ತು. ಅಣೆಕಟ್ಟಿನಲ್ಲಿ ನೀರು ನಿಂತಿರುವ ತನಕ ಹತ್ತಿರದ ಬಾವಿಗಳು ನಿಧಾನ ಇಳಿಯುತ್ತಿದ್ದವು. ಹಲಗೆ ಸೋರಿ ನೀರು ಖಾಲಿಯಾದ ತಿಂಗಳು ಒಮ್ಮೆಲೇ ಕೆಳಗೆ ಹೋದವು. ಗದ್ದೆ ಇಲ್ಲದ ಮನೆಯ ಬಾವಿಯೂ ಹಾಗೆಯೇ.

ಮುಂದಿನ ವಾರ್ಡ್ ಸಭೆಯಲ್ಲಿ ಆ ಪುಸ್ತಕವನ್ನು ಒಬ್ಬ ಅಕ್ಕ ಎದ್ದು ನಿಂತು ಓದಿದರು. ಪ್ರತಿ ಬಾವಿಯ ಮನೆ ಹೆಸರು ಹೇಳಿ ಓದಿದರು. ತಮ್ಮ ಮನೆ ಹೆಸರು ಕೇಳಿದ ಕೂಡಲೇ ಜನ ನೆಟ್ಟಗೆ ಕುಳಿತರು. ಆ ದಿನ ಬೇಡಿಕೆ ಪಟ್ಟಿಯಲ್ಲಿ ಹಲಗೆ ಮೊದಲನೆಯದಾಗಿ ಬಂತು.

ಆಮೇಲಿನದು ಲೆಕ್ಕ ಶೀರ್ಷಿಕೆಯ ಪ್ರಶ್ನೆ, ಅಂದರೆ ಖರ್ಚನ್ನು ಯಾವ ಅನುದಾನದಲ್ಲಿ ತೋರಿಸುವುದು ಅಂತ. "ಅಕ್ಕ, ಕೆಲಸ ಮಾಡಿಸುವ, ಆದರೆ ಯಾವ ಶೀರ್ಷಿಕೆಯಲ್ಲಿ ಬರೆಯುವುದು? ನಾಳೆ ಆಡಿಟ್‌ನಲ್ಲಿ ಕೇಳುತ್ತಾರೆ" ಅಂತ ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಮೇಡಂ ಹೇಳಿದರು. ಅವರ ಚಿಂತೆ ಸರಿಯಾದದ್ದೇ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ನಿರ್ಬಂಧಿತ, ಅಂದರೆ ಗೊತ್ತುಪಡಿಸಿದ ಕೆಲಸಕ್ಕೆ ಮಾತ್ರ. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರು ಮತ್ತು ಮಳೆನೀರು ಸಂಗ್ರಹಕ್ಕೆ. ಪಂಚಾಯತ್ ಬಾವಿಯ ಅಳತೆ ನಮ್ಮ ಪುಸ್ತಕದಲ್ಲಿ ಇತ್ತಲ್ಲ, ಅದನ್ನೇ ಆಧಾರ ಮಾಡಿ ಹೊಸ ಹಲಗೆಯನ್ನು ಕುಡಿಯುವ ನೀರಿನ ಮೂಲದ ರಕ್ಷಣೆ ಅಂತ ಬರೆದೆವು. ತೋಡಿನ ಹೂಳು ಉದ್ಯೋಗ ಖಾತರಿಯಲ್ಲಿ. ಕೂಲಿಗೂ ಸಾಮಗ್ರಿಗೂ 60:40 ಅನುಪಾತ ಇರುವ ಯೋಜನೆಗೆ ಹೂಳೆತ್ತುವುದು ಹೇಳಿ ಮಾಡಿಸಿದ ಕೆಲಸ, ಪೂರಾ ಕೂಲಿಯೇ. ಹಲಗೆ ಹಾಕುವ, ತೆಗೆಯುವ ಕೂಲಿಗೆ ಮತ್ತು ಹಲಗೆ ಇಡುವ ಸಣ್ಣ ಶೆಡ್‌ಗೆ ಪಂಚಾಯತ್‌ನ ಸ್ವಂತ ನಿಧಿ.

ಅದೇ ಹೊತ್ತಿಗೆ ಗ್ರಾಮ ಪಂಚಾಯತ್ ಅಭಿವೃದ್ಧಿ ಯೋಜನೆಯನ್ನು ಸುಸ್ಥಿರ ಅಭಿವೃದ್ಧಿ ಗುರಿಗಳ ಒಂಬತ್ತು ವಿಷಯಗಳ ಮೇಲೆ ಮಾಡಬೇಕು ಅಂತ ಬಂತು. ಅದರಲ್ಲಿ ಒಂದು ನೀರು ಸಮೃದ್ಧ ಗ್ರಾಮ. ತರಬೇತಿಯಲ್ಲಿ ಕುಳಿತಾಗ ಎಷ್ಟೋ ಸದಸ್ಯರಿಗೆ ಇದು ದೊಡ್ಡವರ ಮಾತು ಅನ್ನಿಸಿತ್ತು. ನನಗೆ ಹಾಗೆ ಅನ್ನಿಸಲಿಲ್ಲ. ವಿಶ್ವಸಂಸ್ಥೆಯ 2030ರ ಗುರಿ ನಮ್ಮ ತೋಡಿಗೆ ಇಳಿದರೆ ಅದು ಹಲಗೆಯೇ ಆಗುತ್ತದೆ. ನಾವು ಆ ವಿಷಯವನ್ನೇ ಆರಿಸಿಕೊಂಡೆವು.

ಹಲಗೆ ಹಾಕುವ ದಿನ ಹೇಗಿರುತ್ತದೆ ಅಂತ ಹೇಳಬೇಕು. ಈಗ ನಮ್ಮದು ಫೈಬರ್ ಹಲಗೆ, ಕೊಳೆಯುವುದಿಲ್ಲ, ಇಬ್ಬರು ಹೊತ್ತು ತರಬಹುದು. ಮೊದಲು ಕಂಬದ ಸಂದಿನಲ್ಲಿ ಕುಳಿತ ಕೆಸರು, ಚಿಪ್ಪನ್ನು ಕತ್ತಿಯ ಬೆನ್ನಿನಿಂದ ಕೆರೆಯಬೇಕು. ಇದನ್ನು ಬಿಟ್ಟರೆ ಹಲಗೆ ಓರೆಯಾಗಿ ಕೂರುತ್ತದೆ, ಕೆಳಗಿನಿಂದ ಸೋರುತ್ತದೆ. ಒಂದು ಕಿಂಡಿಗೆ ಎರಡು ಸಾಲು ಹಲಗೆ. ಎರಡರ ನಡುವೆ ಜೇಡಿಮಣ್ಣು ತುಂಬಿ ಕಾಲಲ್ಲಿ ತುಳಿಯಬೇಕು. ಅಂಚಿಗೆ ಬೈಹುಲ್ಲು ತುರುಕಬೇಕು. ನಾಲ್ಕು ಕಿಂಡಿ ಮೊದಲೇ ಮುಚ್ಚಿ, ಐದನೆಯದನ್ನು ತೆರೆದಿಟ್ಟು ಕಾಯುತ್ತೇವೆ. ಇಳಿತ ಪೂರಾ ಆಗಿ, ತೋಡಿನ ಸಿಹಿನೀರು ಮಾತ್ರ ಹೊರಗೆ ಹರಿಯುವಾಗ ಅಜ್ಜ ಕೈಯಲ್ಲಿ ನೀರು ತೆಗೆದು ರುಚಿ ನೋಡುತ್ತಾರೆ. ಅವರು ಹೂಂ ಅಂದ ಮೇಲೆ ಕೊನೆಯ ಹಲಗೆ.

ಇಷ್ಟಾದರೂ ಜಗಳ ತಪ್ಪಲಿಲ್ಲ. ನೀರು ನಿಂತರೆ ಮೇಲಿನ ಒಂದು ಅಡಿಕೆ ತೋಟದ ಕಣಿಯಿಂದ (ನೀರು ಬಸಿಯುವ ಕಾಲುವೆ) ನೀರು ಇಳಿಯುವುದಿಲ್ಲ. ತೋಟದ ಅಣ್ಣ ಮೊದಲ ವರ್ಷ ನನ್ನ ಹತ್ತಿರ ಮಾತು ಬಿಟ್ಟರು. ಅವರ ಕಷ್ಟ ನಿಜವಾದದ್ದು, ಬೇರಿಗೆ ನೀರು ನಿಂತರೆ ಅಡಿಕೆ ಮರ ಉಳಿಯುವುದಿಲ್ಲ. ಎಲ್ಲರೂ ಸೇರಿ ಅವರ ಕಣಿಯ ಮಟ್ಟ ನೋಡಿ ಅಣೆಕಟ್ಟಿನ ಕಂಬಕ್ಕೆ ಒಂದು ಕೆಂಪು ಗೆರೆ ಎಳೆದೆವು. ನೀರು ಆ ಗೆರೆ ದಾಟಬಾರದು, ದಾಟಿದರೆ ಮೇಲಿನ ಹಲಗೆ ತೆಗೆಯುವ ಅಧಿಕಾರ ಅವರಿಗೇ. ಕೆಳಗಿನವರಿಗೆ ಒಂದು ಹಲಗೆಯಷ್ಟು ನೀರು ಕಡಿಮೆ ಸಿಗುತ್ತದೆ. ಅವರು ಒಪ್ಪಿದರು, ಈಗಲೂ ಒಪ್ಪಿಕೊಂಡಿದ್ದಾರೆ. ನಿರ್ಣಯ ಪುಸ್ತಕದಲ್ಲಿ ಆ ಗೆರೆಯೂ ಇದೆ, ಇಳಿತದ ಮಾತೂ ಇದೆ. ಹಲಗೆ ಹಾಕಲು ಡಿಸೆಂಬರ್ ಮೊದಲ ವಾರ ದಾಟಬಾರದು. ತೆಗೆಯಲು ಮೇ 15, ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಬಂದರೆ ಅದೇ ದಿನ.

ರಾಜ್ಯ ಸರಕಾರ ಈಗ ಪಶ್ಚಿಮವಾಹಿನಿ ಯೋಜನೆಯಲ್ಲಿ ಕರಾವಳಿಯ ಹೊಳೆ ತೋಡುಗಳಿಗೆ ಕಿಂಡಿ ಅಣೆಕಟ್ಟು ಕಟ್ಟುತ್ತಿದೆ. ಒಳ್ಳೆಯ ಕೆಲಸ, ಇನ್ನೂ ಆಗಲಿ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನಿಂದ ನಳ್ಳಿ ಬರುತ್ತಿದೆ, ದಿನಕ್ಕೆ ತಲೆಗೆ 55 ಲೀಟರ್ ಅನ್ನುವುದು ಲೆಕ್ಕ. ಆ 55 ಲೀಟರ್ ಮೇ ತಿಂಗಳಲ್ಲೂ ಬರಬೇಕಾದರೆ ಬಾವಿಯಲ್ಲಿ ನೀರು ಇರಬೇಕು, ಅದಕ್ಕೆ ಡಿಸೆಂಬರ್‌ನಲ್ಲಿ ಹಲಗೆ ಬಿದ್ದಿರಬೇಕು. ಹಾಗಾಗಿ ನನ್ನ ಒತ್ತಾಯ ಇಷ್ಟು. ಅಣೆಕಟ್ಟಿನ ಅಂದಾಜುಪಟ್ಟಿ ಮಾಡುವ ದಿನವೇ ಮುಂದಿನ ಹತ್ತು ವರ್ಷದ ಹಲಗೆ, ಕೂಲಿ, ಹೂಳಿನ ಖರ್ಚನ್ನೂ ಅದರಲ್ಲಿ ಬರೆಯಬೇಕು. ಕೆಳಗಿನ ರೈತರು, ಮೇಲಿನ ತೋಟದವರು, ಪಂಚಾಯತ್ ಮೂವರೂ ಸಹಿ ಹಾಕದೆ ಹಸ್ತಾಂತರ ಆಗಬಾರದು. ಇದು ಇಲ್ಲದಿದ್ದರೆ ಕಟ್ಟಿದ ದುಡ್ಡು ಹೊಳೆಗೆ ಹಾಕಿದ ಹಾಗೆ. ನಾನು ಇದನ್ನು ತಾಲೂಕು ಮಟ್ಟದ ಸಭೆಯಲ್ಲಿ ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ.

ಇದನ್ನು ಬರೆಯುವಾಗ 2025ರ ಡಿಸೆಂಬರ್. ಈ ತಿಂಗಳ ಮೊದಲ ವಾರವೇ ಹಲಗೆ ಬಿದ್ದಿದೆ. ನಮ್ಮ ಅವಧಿ ಮುಗಿಯಲು ಕೆಲವೇ ವಾರ ಇದೆ. 15ನೇ ಹಣಕಾಸು ಆಯೋಗದ ಅವಧಿಯೂ ಮಾರ್ಚ್‌ಗೆ ಮುಗಿಯುತ್ತದೆ. ಮೇ ತಿಂಗಳಲ್ಲಿ ಹಲಗೆ ತೆಗೆಯುವ ಹೊತ್ತಿಗೆ ನಾನು ಸದಸ್ಯೆಯಾಗಿ ಇರುವುದಿಲ್ಲ. ಹಾಗಾಗಿ ಹೋದ ವಾರ ಶೆಡ್‌ನ ಬೀಗದ ಕೀಲಿಯನ್ನು ಮೂರು ಮಾಡಿಸಿದೆ. ಒಂದು ಪಂಚಾಯತ್ ಕಚೇರಿಯಲ್ಲಿ, ಒಂದು ಅಡಿಕೆ ತೋಟದ ಅಣ್ಣನ ಮನೆಯಲ್ಲಿ, ಒಂದು ಬಾವಿ ಅಳೆಯುವ ಅಕ್ಕನ ಹತ್ತಿರ. ಹಲಗೆ ತೆಗೆಯುವ ಹತ್ತು ಜನರ ಪಟ್ಟಿಯನ್ನು ಶೆಡ್‌ನ ಬಾಗಿಲಿನ ಒಳಬದಿಗೆ ಅಂಟಿಸಿದ್ದೇವೆ. ಅಜ್ಜನಿಗೆ ಈಗ ನೀರಿಗೆ ಇಳಿಯಲು ಆಗುವುದಿಲ್ಲ. ಈ ಸಲ ಅವರು ದಂಡೆಯ ಮೇಲೆ ಕುರ್ಚಿಯಲ್ಲಿ ಕುಳಿತಿದ್ದರು, ನೀರಿನ ರುಚಿ ನೋಡಿದ್ದು ಅವರ ಮೊಮ್ಮಗಳು. ಜನವರಿ ಒಂದರಂದು ಮತ್ತೆ ಹಗ್ಗ ಇಳಿಸಬೇಕು.