ಮಳೆಗಾಲಕ್ಕೆ ಮುಂಚೆ ಮರದ ಕೆಲಸಕ್ಕೆ ಸರಿಯಾದ ಜನ ಹಿಡಿಯುವುದು ಹೇಗೆ?

ಮೇ ತಿಂಗಳ ಕೊನೆಗೆ ಕೊಡಗಿನಲ್ಲಿ ಮರ ಹತ್ತುವವರ ಫೋನ್ ಸಿಗುವುದೇ ಇಲ್ಲ. ಮನೆ ಹಿಂದಿನ ಹಲಸು ಹೋದ ವರ್ಷಕ್ಕಿಂತ ಜಾಸ್ತಿ ವಾಲಿದೆ, ಕಾರ್ಮಿಕರ ಲೈನ್ ಮನೆ ಶೀಟಿನ ಮೇಲೆ ಸಿಲ್ವರ್ ಓಕ್ ಕೊಂಬೆ ಬಂದು ಕೂತಿದೆ, ಮೊದಲ ಗಾಳಿಗೇ ಬಿದ್ದರೆ ಗತಿ ಏನು ಅಂತ ಎಲ್ಲರಿಗೂ ಒಟ್ಟಿಗೇ ನೆನಪಾಗುತ್ತದೆ. ಆಗ ಯಾರು ಸಿಕ್ಕರೆ ಅವರೇ. ಮರ ಕೊಯ್ಯುವ ಮೆಷಿನ್ ಇದೆಯಾ, ನಾಳೆ ಬರ್ತೀಯಾ, ಅಷ್ಟೇ ವಿಚಾರಣೆ.

ಅದಕ್ಕೇ ಹುಡುಕಾಟವನ್ನು ಕಾಫಿ ಕೊಯ್ಲು ಮುಗಿದ ಕೂಡಲೇ ಶುರು ಮಾಡಿ. ತೋಟದ ಒಳಗಿನ ಕೊಂಬೆ ಇಳಿಸುವುದು ಹೂಮಳೆ ಬಿದ್ದು ಹೂವು ಮುಗಿದ ಮೇಲೇ ಆಗಲಿ, ಆದರೆ ಜನ ಗೊತ್ತು ಮಾಡಿಕೊಳ್ಳುವುದಕ್ಕೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ.

ಮೊದಲು ನಿಮಗೆ ಬೇಕಾದ ಕೆಲಸ ಯಾವುದು ಅಂತ ತಿಳಿದುಕೊಳ್ಳಿ. ಮರಗಸಿ, ಅಂದರೆ ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆ ಸವರುವುದು, ಒಂದು ಕೆಲಸ, ಮನೆ ಪಕ್ಕದ ಹಳೇ ಮರದ ಕೊಂಬೆಯನ್ನು ಹಗ್ಗ ಕಟ್ಟಿ ಇಳಿಸುವುದು ಇನ್ನೊಂದು, ಮರವನ್ನೇ ಕಡಿಯುವುದು ಮತ್ತೊಂದು. ಒಬ್ಬನೇ ಮೂರನ್ನೂ ಚೆನ್ನಾಗಿ ಮಾಡುವುದು ಅಪರೂಪ. ಮರಗಸಿ ಗ್ಯಾಂಗಿನವರು ಕತ್ತಿ ಹಿಡಿದು ಸಿಲ್ವರ್ ಓಕ್ ಹತ್ತುವ ವೇಗ ನೋಡಿದರೆ ಮೈ ಜುಂ ಅನ್ನುತ್ತದೆ. ಆದರೆ ಅದೇ ಹುಡುಗರಿಗೆ ಕುಟುಂಬದ ಮೂಲ ಮನೆಯಾದ ಐನ್‌ಮನೆ ಅಂಗಳದ ನೂರು ವರ್ಷದ ಮಾವಿನ ಮರ ಕೊಟ್ಟರೆ ಹೆಂಚು ಉಳಿಯುತ್ತದೆ ಅಂತ ಹೇಳುವ ಧೈರ್ಯ ನನಗಿಲ್ಲ.

ಮರಗಸಿಗೆ ಕರೆಯುವವನಿಗೂ ಒಂದು ಪ್ರಶ್ನೆ ಇಟ್ಟುಕೊಳ್ಳಿ. "ಇದು ಅರೇಬಿಕಾ ತೋಟ, ಎಷ್ಟು ನೆರಳು ಬಿಡ್ತೀಯಾ?" ಇನ್ನೊಂದು ಜಾತಿಯ ಕಾಫಿ ರೊಬಸ್ಟಾಕ್ಕೆ ಬಿಡುವಷ್ಟು ಬಿಸಿಲನ್ನು ಅರೇಬಿಕಾಕ್ಕೂ ಬಿಟ್ಟರೆ ಬಿಳಿ ಕಾಂಡಕೊರಕ ಹುಳುವಿಗೆ ಹಬ್ಬ, ಅದಕ್ಕೆ ಬಿಸಿಲು ಬೀಳುವ ಗಿಡವೇ ಇಷ್ಟ. ಹಾಗಂತ ದಟ್ಟ ನೆರಳು ಹಾಗೇ ಬಿಟ್ಟರೆ ಮಳೆಯಲ್ಲಿ ಗಾಳಿ ಆಡದೆ ಕೊಳೆರೋಗ ಬರುತ್ತದೆ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು ಅಂತ ಯೋಚಿಸಿ ಉತ್ತರ ಕೊಡುವವನು ಬೇಕು. "ಎಲ್ಲಾ ಕ್ಲೀನ್ ಮಾಡಿಕೊಡ್ತೀವಿ ಸರ್" ಅನ್ನುವವನನ್ನು ಕಾಫಿ ಕೊಟ್ಟು ಕಳಿಸಿಬಿಡಿ.

ಈಗ ದುಡ್ಡಿನ ವಿಷಯ. ನಮ್ಮ ಕಡೆ ಮರಗಳು ಹಾಳಾಗುವುದು ಜಾಸ್ತಿ ಇಲ್ಲೇ ಅಂತ ನನ್ನ ಅನಿಸಿಕೆ. "ಕೂಲಿ ಏನೂ ಬೇಡ, ಸೌದೆ ನಮಗೆ ಬಿಡಿ" ಅಂತ ಒಬ್ಬ ಬರುತ್ತಾನೆ. ಕೇಳೋಕೆ ಪುಕ್ಕಟೆ. ಆದರೆ ಅವನ ಸಂಬಳ ಕೊಂಬೆಯ ದಪ್ಪದಲ್ಲಿದೆ, ಅಲ್ವಾ? ಒಣಗಿದ ರೆಂಬೆ ತೆಗೆದರೆ ಅವನಿಗೆ ಏನೂ ಗಿಟ್ಟುವುದಿಲ್ಲ. ಹಾಗಾಗಿ ಒಣ ರೆಂಬೆ ಮೇಲೇ ನೇತಾಡುತ್ತಿರುತ್ತದೆ, ಆರೋಗ್ಯವಾಗಿದ್ದ ದಪ್ಪ ಕೊಂಬೆ ಲಾರಿ ಹತ್ತಿರುತ್ತದೆ. ಮರ ಅಪಾಯದಲ್ಲಿದೆಯಾ ಅಂತ ಟಿಂಬರ್ ವ್ಯಾಪಾರಿಯನ್ನು ಕೇಳುವುದೂ ಹೀಗೇ, ಅವನ ಕಣ್ಣಿಗೆ ಒಳ್ಳೇ ದಿಮ್ಮಿ ಇರುವ ಮರ ಎಲ್ಲಾ ಅಪಾಯದ್ದೇ. ಸಲಹೆ ಕೊಡುವವನು ಬೇರೆ, ಮರ ಕೊಳ್ಳುವವನು ಬೇರೆ ಇರಲಿ. ಕೆಲಸಕ್ಕೆ ದುಡ್ಡು ಮಾತಾಡಿ, ಸೌದೆ ನೀವೇ ಇಟ್ಟುಕೊಳ್ಳಿ. ಅವನಿಗೇ ಕೊಡುವುದಾದರೂ ಕೂಲಿಗೆ ಸೇರಿಸದೆ ಬೇರೆ ಲೆಕ್ಕದಲ್ಲಿ ಕೊಡಿ.

ಇನ್ನು ಓದಿದ, ತರಬೇತಿ ಆದ ಜನ ಎಲ್ಲಿ ಸಿಗುತ್ತಾರೆ? ಆರ್ಬರಿಸ್ಟ್, ಅಂದರೆ ಮರದ ಆರೈಕೆ ಕಲಿತವರು, ಅಂತ ಕಾರ್ಡ್ ಕೊಡುವವರು ಈಗ ಬೆಂಗಳೂರು ಕಡೆಯಿಂದ ಹೋಂಸ್ಟೇ, ರೆಸಾರ್ಟ್‌ಗಳಿಗೆ ಬರುತ್ತಾರೆ. ಕಾರ್ಡ್ ಯಾರು ಬೇಕಾದರೂ ಪ್ರಿಂಟ್ ಹಾಕಿಸಬಹುದು. ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆರ್ಬೊರಿಕಲ್ಚರ್ ಅನ್ನುವ ಸಂಸ್ಥೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತದೆ, ಅದನ್ನು 3 ವರ್ಷಕ್ಕೊಮ್ಮೆ ನವೀಕರಿಸಬೇಕು, ಹೆಸರನ್ನು ಅವರ ವೆಬ್‌ಸೈಟಿನಲ್ಲೇ ಹುಡುಕಿ ನೋಡಬಹುದು. ಅಷ್ಟು ದೂರ ಹೋಗುವುದು ಬೇಡ ಅಂದರೆ ಪೊನ್ನಂಪೇಟೆಯ ಅರಣ್ಯ ಕಾಲೇಜು ಇದೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ನೆರಳು ಮತ್ತು ಕಾಫಿ ವಿಷಯಕ್ಕೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ಇದೆ. ಮರದ ಫೋಟೊ ತೆಗೆದುಕೊಂಡು ಹೋಗಿ ವಿಚಾರಿಸಿ. ಕೆಲಸಕ್ಕೆ ಜನ ಸಿಗದಿದ್ದರೂ ಮರಕ್ಕೆ ಏನಾಗಿದೆ ಅಂತ ಒಂದು ಅಂದಾಜು ಸಿಕ್ಕೀತು.

ಸರ್ಟಿಫಿಕೇಟ್ ಇಲ್ಲದ, ಆದರೆ ಕೆಲಸ ಬಲ್ಲ ಜನ ನಮ್ಮಲ್ಲಿ ಖಂಡಿತ ಇದ್ದಾರೆ. ಅವರನ್ನು ಗುರುತಿಸುವುದು ಮರದ ಬುಡದಲ್ಲಿ. ಬಂದ ಕೂಡಲೇ ಮೆಷಿನ್ ದಾರ ಎಳೆಯುವವನು ಬೇಡ. ಬಲ್ಲವನು ಮೊದಲು ಮರದ ಸುತ್ತ ಒಂದು ಸುತ್ತು ಬರುತ್ತಾನೆ. ಬುಡದ ತರಗೆಲೆ ಕಾಲಲ್ಲಿ ಸರಿಸಿ ಬೇರಿನ ಹತ್ತಿರ ಅಣಬೆ ಎದ್ದಿದೆಯಾ ನೋಡುತ್ತಾನೆ, ವಾಲಿದ ಮರವಾದರೆ ಹಿಂದಿನ ಬದಿಯಲ್ಲಿ ಮಣ್ಣು ಬಿರಿದಿದೆಯಾ ಅಂತ ಕೂತು ನೋಡುತ್ತಾನೆ. ಆಮೇಲೆ ಕತ್ತಿಯ ಹಿಂಬದಿಯಿಂದ ಕಾಂಡವನ್ನು ಟಕ್ ಟಕ್ ಅಂತ ಬಡಿಯುತ್ತಾ ಹೋಗುತ್ತಾನೆ, ಪೊಳ್ಳಾದ ಕಡೆ ಸದ್ದು ಬದಲಾಗುತ್ತದೆ. ಕೊನೆಗೆ ಕತ್ತೆತ್ತಿ ತುಂಬಾ ಹೊತ್ತು ಮೇಲೆ ನೋಡುತ್ತಾನೆ, ಜೇನು ಇದೆಯಾ ಅಂತಲೂ. ಅಷ್ಟಾದ ಮೇಲೆ "ಈ ಮರ ಕಡಿಯೋದು ಬೇಡ, ಆ ಒಂದು ಕೊಂಬೆ ತೆಗೆದರೆ ಸಾಕು" ಅಂದರೆ ಅವನ ನಂಬರ್ ಸೇವ್ ಮಾಡಿಕೊಳ್ಳಿ.

ಹಿಂದೆ ಅವನು ಕೆಲಸ ಮಾಡಿದ ಒಂದು ತೋಟಕ್ಕೆ ಹೋಗಿ ಗಾಯದ ಗುರುತು ನೋಡುವುದು ಇನ್ನೂ ಒಳ್ಳೆಯದು. ಕೊಂಬೆ ಕಾಂಡಕ್ಕೆ ಸೇರುವ ಕಡೆ ಸುಕ್ಕುಗಟ್ಟಿದ ಒಂದು ಉಬ್ಬು ಇರುತ್ತದೆ. ಕತ್ತರಿಸಬೇಕಾದ್ದು ಅದರ ಹೊರಗೆ, ಅದಕ್ಕೆ ತಾಗಿದಂತೆ. ಹಾಗೆ ಕತ್ತರಿಸಿದ್ದರೆ ಸುತ್ತಲಿಂದ ಬಳೆಯ ಹಾಗೆ ಹೊಸ ತೊಗಟೆ ಬಂದು ಗಾಯ ಮುಚ್ಚುತ್ತಿರುತ್ತದೆ. ಉಬ್ಬನ್ನೂ ಸೇರಿಸಿ ಕಾಂಡಕ್ಕೆ ಸಮ ಮಾಡಿ ಬೋಳಿಸಿದ್ದರೆ, ಅಥವಾ ಮೊಳದುದ್ದ ಮೋಟು ಬಿಟ್ಟಿದ್ದರೆ, ಅಲ್ಲಿಂದಲೇ ನೀರು ಇಳಿದು ಕೊಳೆ ಶುರು. ದಪ್ಪ ಕೊಂಬೆಗೆ ಮೂರು ಕಟ್ ಹಾಕಬೇಕು: ಮೊದಲು ಸ್ವಲ್ಪ ಹೊರಗೆ ಕೆಳಗಿನಿಂದ, ಆಮೇಲೆ ಇನ್ನೂ ಸ್ವಲ್ಪ ಹೊರಗೆ ಮೇಲಿನಿಂದ, ಭಾರ ಇಳಿದ ಮೇಲೆ ಉಬ್ಬಿನ ಹತ್ತಿರ ಕೊನೆಯದು. ಕೆಳಗಿನ ಕಟ್ ಹಾಕದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಉದ್ದಕ್ಕೂ ಸೀಳಿಕೊಂಡು ಹೋಗುತ್ತದೆ. ಗಾಯಕ್ಕೆ ಟಾರ್ ಬಳಿಯುವುದರಿಂದ ಕೊಳೆ ನಿಲ್ಲುವುದಿಲ್ಲ, ಸುಮ್ನೆ ಖರ್ಚು. ಮನೆ ಹತ್ತಿರದ ದೊಡ್ಡ ಮರದ ತಲೆಯನ್ನೇ ಹಾರಿಸುತ್ತೇನೆ ಅನ್ನುವವನಿಗೂ ಬೇಡ ಅನ್ನಿ. ಆಮೇಲೆ ಬರುವ ಚಿಗುರು ಭರಭರನೆ ಬೆಳೆಯುತ್ತದೆ, ಬುಡ ಮಾತ್ರ ಗಟ್ಟಿ ಇರುವುದಿಲ್ಲ, ಕೆಲವು ಮಳೆಗಾಲ ಕಳೆದ ಮೇಲೆ ಅದೇ ಮುರಿದು ಬೀಳುತ್ತದೆ.

ಕರೆಂಟ್ ಲೈನ್ ಹತ್ತಿರದ ಮರವಾದರೆ ಬೇರೆ ಮಾತೇ ಇಲ್ಲ, ಮೊದಲು ವಿದ್ಯುತ್ ಕಂಪನಿ ಚೆಸ್ಕಾಂಗೆ ಹೇಳಿ. 1912ಕ್ಕೆ ಫೋನ್ ಮಾಡಿ ಅಥವಾ ಸೆಕ್ಷನ್ ಆಫೀಸಿಗೆ ಹೋಗಿ, ಲೈನ್ ಆಫ್ ಆಗಿದೆ ಅಂತ ಲೈನ್‌ಮ್ಯಾನ್ ಬಾಯಿಂದಲೇ ಕೇಳಿದ ಮೇಲೆ ಕೆಲಸ ಶುರು ಮಾಡಿಸಿ. ಅಲ್ಯುಮಿನಿಯಂ ಏಣಿ ತಂತಿಗೆ ತಾಗಿ ತೋಟದ ಕಾರ್ಮಿಕರು ಸತ್ತ ಸುದ್ದಿ ನಾವು ಓದುತ್ತಲೇ ಇದ್ದೇವೆ, ಆದರೂ ಕರಿಮೆಣಸು ಕೊಯ್ಯೋಕೆ, ಮರಗಸಿಗೆ ಅದೇ ಏಣಿ. ಹಸಿ ಕೊಂಬೆಯಲ್ಲೂ ಕರೆಂಟ್ ಹರಿಯುತ್ತದೆ.

ಹೆಲ್ಮೆಟ್, ಬೆಲ್ಟ್, ಹಗ್ಗ ಅವನದ್ದೇ ಇದೆಯಾ ನೋಡಿ. ಕಾರ್ಮಿಕರ ಪರಿಹಾರ ವಿಮೆ ಇದೆಯಾ ಅಂತ ಕೇಳಿ, ಪಾಲಿಸಿ ಕಣ್ಣಾರೆ ನೋಡಿ. ಹೆಚ್ಚಿನವರ ಹತ್ತಿರ ಇರುವುದಿಲ್ಲ. ಹಾಗಾದರೆ ಆ ಕೆಲಸಕ್ಕೆ ನೀವೇ ಮಾಡಿಸಬಹುದಾ ಅಂತ ವಿಮೆ ಏಜೆಂಟರನ್ನು ವಿಚಾರಿಸಿ. ನಿಮ್ಮ ತೋಟದಲ್ಲಿ ಬಿದ್ದವನ ಮನೆಯವರು ನಿಮ್ಮ ಅಂಗಳಕ್ಕೇ ಬರುವುದು, ಬರುವುದು ನ್ಯಾಯವೂ ಹೌದು.

ಕಡಿಯುವುದೇ ಆದರೆ ಕಾಗದ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ಹಾಲುವಾಣದಂಥ ಕೆಲವು ಮರಗಳಿಗೆ ಕಡಿಯುವ ಅನುಮತಿಯಿಂದ ವಿನಾಯಿತಿ ಇದೆ. ಬೀಟೆ, ತೇಗ, ನಂದಿಗೆಲ್ಲ ಅದು ಅನ್ವಯಿಸುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕು ಬಾಣೆ ಜಾಗ, ಅಂದರೆ ಗದ್ದೆಗೆ ಸೇರಿಸಿ ಹಿಂದೆ ಕೊಟ್ಟಿದ್ದ ಕಾಡು ಜಾಗ. ರಿಡೀಮ್ ಆಗದ, ಅಂದರೆ ಸರ್ಕಾರಕ್ಕೆ ಮರದ ಬೆಲೆ ಕಟ್ಟಿ ಬಿಡಿಸಿಕೊಳ್ಳದ ಜಾಗದಲ್ಲಿ ಮರದ ಹಕ್ಕು ಸರ್ಕಾರದ್ದಾಗಿರಬಹುದು. ಪಹಣಿ ಹಿಡಿದುಕೊಂಡು ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ನೀವೇ ಹೋಗಿ, ಸಾಗಾಟದ ನಿಯಮವನ್ನೂ ಅಲ್ಲೇ ಕೇಳಿ. "ಅದೆಲ್ಲ ನಾನು ನೋಡ್ಕೋತೀನಿ" ಅನ್ನುವ ಕಂಟ್ರಾಕ್ಟರ್ ಕೇಸು ಬಿದ್ದ ದಿನ ಕಾಣಿಸುವುದಿಲ್ಲ.

ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ಮರ, ಯಾವ ಕೊಂಬೆ, ಸೌದೆ ಯಾರಿಗೆ, ಕಾಫಿ ಗಿಡ ಮುರಿದರೆ ಏನು, ಮೆಣಸಿನ ಬಳ್ಳಿ ಹರಿದರೆ ಏನು. ತೆಗೆಯಬೇಕಾದ ಕೊಂಬೆಗೆ ಹಿಂದಿನ ದಿನವೇ ಸುಣ್ಣದ ಗುರುತು ಹಾಕಿಸಿ. ಅಡ್ವಾನ್ಸ್ ಸ್ವಲ್ಪವೇ ಕೊಡಿ. ಕೆಲಸ ಮುಗಿದ ಸಂಜೆ ಗಿಡಗಳ ಮೇಲೆ ಬಿದ್ದ ಸೊಪ್ಪು ರೆಂಬೆ ಎಲ್ಲಾ ತೆಗೆಸಿ, ಸಾಲು ಸಾಲಾಗಿ ಅವನ ಜೊತೆಗೇ ನಡೆದು ಮುರಿದ ಗಿಡ ಎಣಿಸಿ, ಬಾಕಿ ದುಡ್ಡು ಆಮೇಲೆ.