ರೆಡ್‌ಹೇವನ್ ಪೀಚ್: ಕೆಂಪಾಯಿತೆಂದು ಕೀಳಬೇಡಿ

ಅಮೆರಿಕದ ಮಿಶಿಗನ್‌ನಲ್ಲಿ ಆಗಸ್ಟ್ ಅಂದರೆ ರೆಡ್‌ಹೇವನ್ ಪೀಚ್ ಕಾಲ. ಅಲ್ಲಿನ ಸೌತ್ ಹೇವನ್ ಪ್ರಯೋಗ ಕೇಂದ್ರದಲ್ಲಿ ಸ್ಟ್ಯಾನ್ಲಿ ಜಾನ್‌ಸ್ಟನ್ ಬೆಳೆಸಿ 1940ರಲ್ಲಿ ಹೊರತಂದ ತಳಿ ಇದು. ಬೇರೆ ತಳಿ ಯಾವಾಗ ಹಣ್ಣಾಗುತ್ತದೆ ಅಂತ ಕೇಳಿದರೆ ಬೆಳೆಗಾರರು ಈಗಲೂ ‘ರೆಡ್‌ಹೇವನ್‌ಗಿಂತ ವಾರ ಮುಂಚೆ’, ‘ಹತ್ತು ದಿನ ಆಮೇಲೆ’ ಎಂದೇ ಲೆಕ್ಕ ಹೇಳುತ್ತಾರೆ. ಆ ಕಡೆ ನೆಲೆಸಿರುವ ನಮ್ಮವರು ಹಿತ್ತಿಲಿಗೊಂದು ಗಿಡ ಹಾಕುವುದಾದರೆ ಇದನ್ನೇ ಹಾಕಬಹುದು.

ಮೊದಲು ಚಳಿಯ ಲೆಕ್ಕ ನೋಡಿ. ಸರಿಯಾಗಿ ಹೂ ಬಿಡಲು ಈ ಗಿಡಕ್ಕೆ ಚಳಿಗಾಲದಲ್ಲಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ಒಟ್ಟು ಸುಮಾರು 800ರಿಂದ 950 ಗಂಟೆ ಸಿಗಬೇಕು. ಬೆಂಗಳೂರಿನ ಚಳಿ ಏನೇನೂ ಸಾಲದು, ಸುಮ್ನೆ ಸಸಿ ತರಿಸಬೇಡಿ. ಒಂದೇ ಗಿಡವಿದ್ದರೂ ಕಾಯಿ ಕಚ್ಚುತ್ತದೆ. ನೀರು ನಿಲ್ಲದ, ಚೆನ್ನಾಗಿ ಬಿಸಿಲು ಬೀಳುವ ಜಾಗ ಇರಲಿ.

ಚಳಿಗಾಲ ಮುಗಿಯುವ ಹೊತ್ತಿಗೆ ರೆಂಬೆ ಸವರಿ. ಹೂ ಬರುವುದು ಹಿಂದಿನ ವರ್ಷ ಚಿಗುರಿದ ಕಡ್ಡಿಗಳಲ್ಲಿ. ಅವನ್ನು ಉಳಿಸಿಕೊಂಡು, ಗಿಡದ ನಡುವೆ ಬಿಸಿಲು ಇಳಿಯುವಂತೆ ಮಾಡಿ.

ಮುಂದಿನದು ಯಾರಿಗೂ ಮನಸ್ಸು ಬಾರದ ಕೆಲಸ. ಈ ಗಿಡಕ್ಕೆ ಕಾಯಿ ಬಿಡುವುದರಲ್ಲಿ ಹಿಡಿತವೇ ಇಲ್ಲ. ಎಲ್ಲ ಉಳಿಸಿದರೆ ಹಣ್ಣು ನಿಂಬೆ ಗಾತ್ರಕ್ಕೇ ನಿಲ್ಲುತ್ತದೆ, ಕೊಂಬೆಯೂ ಮುರಿಯಬಹುದು. ಕಾಯಿ ಗೋಲಿಯಷ್ಟಾದಾಗ 15–20 ಸೆಂ.ಮೀ.ಗೆ ಒಂದರಂತೆ ಬಿಟ್ಟು ಉಳಿದದ್ದನ್ನು ಉದುರಿಸಿ. ನೆಲದ ತುಂಬ ಹಸಿರು ಕಾಯಿ ಬಿದ್ದಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಕೈ ಹಿಂದೆಗೆಯಬೇಡಿ.

ಈಗ ಕೊಯ್ಲು. ಜಾಸ್ತಿ ಜನ ಎಡವುವುದು ಇಲ್ಲೇ. ರೆಡ್‌ಹೇವನ್ ಹಣ್ಣಾಗುವ ಎಷ್ಟೋ ದಿನ ಮೊದಲೇ ಕೆಂಪೇರಿ ಕೂತಿರುತ್ತದೆ. ಬಿಸಿಲು ತಾಗಿದ ಕೆನ್ನೆ ನೋಡಿ ಕಿತ್ತರೆ ಒಳಗೆ ಸಪ್ಪೆ, ಅಲ್ವಾ ಮತ್ತೆ! ಕೆಂಪು ಬಿಡಿ, ಅದರ ಅಡಿಯ ಬಣ್ಣ ನೋಡಿ. ತೊಟ್ಟಿನ ಸುತ್ತ, ನೆರಳಿನ ಕಡೆ ಹಸಿರು ಛಾಯೆ ಪೂರ್ತಿ ಹೋಗಿ ಹಳದಿ ತಿರುಗಿರಬೇಕು. ಬೆರಳಿನಿಂದ ಅದುಮಬೇಡಿ, ಆ ಗುರುತು ಕಪ್ಪಾಗುತ್ತದೆ. ಅಂಗೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿದರೆ ಹದವಾದ ಹಣ್ಣು ತಾನಾಗಿ ಬಿಡಿಸಿಕೊಳ್ಳುತ್ತದೆ. ಎಲ್ಲ ಒಟ್ಟಿಗೆ ಮಾಗುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ ಮರದ ಸುತ್ತ ಬನ್ನಿ.

ಹಣ್ಣು ಮಧ್ಯಮ ಗಾತ್ರ, ಸಿಪ್ಪೆಯ ಮೇಲೆ ನವಿರು ರೋಮ ಕಡಿಮೆ. ತಿರುಳು ಹಳದಿ, ಗಟ್ಟಿ. ಸಿಪ್ಪೆಯ ಮೇಲಿನ ಗೆರೆಗುಂಟ ಸುತ್ತಲೂ ಚಾಕು ಆಡಿಸಿ ಎರಡು ಹೋಳು ತಿರುಚಿ. ಪೂರ್ತಿ ಮಾಗಿದ್ದರೆ ಗೊರಟು ಸಲೀಸಾಗಿ ಬರುತ್ತದೆ, ಸ್ವಲ್ಪ ಅವಸರ ಮಾಡಿದ್ದರೆ ತಿರುಳಿಗೇ ಕಚ್ಚಿಕೊಂಡಿರುತ್ತದೆ. ಹೆಚ್ಚಿದ ಹೋಳು ಬೇಗ ಕಪ್ಪಾಗದು. ಹೆಚ್ಚಾದರೆ ಫ್ರೀಜರ್‌ಗೆ ಹಾಕಿಡಬಹುದು.